ಖುಕ್ರಿಯ ಕಪ್ತಾನ

ಗುಜರಾತಿನ ಕರಾವಳಿಗೆ ಅಂಟಿಕೊಂಡಿರುವ ದಿಯುವಿನಲ್ಲಿ, ಚಕ್ರತೀರ್ಥ ಕಡಲತೀರದ ಪಕ್ಕದ ದಿಬ್ಬದ ಮೇಲೆ, ಗಾಜಿನ ಮನೆಯೊಳಗೆ ಯುದ್ಧನೌಕೆಯೊಂದರ ಮಾದರಿ ಇದೆ. ಅದು ಐಎನ್‌ಎಸ್ ಖುಕ್ರಿ. ನಿಜವಾದ ಹಡಗು ಅಲ್ಲಿಂದ ಸುಮಾರು 40 ನಾಟಿಕಲ್ ಮೈಲಿ ಆಚೆ, ಅರಬ್ಬಿ ಸಮುದ್ರದ ತಳದಲ್ಲಿದೆ. 1971ರ ಡಿಸೆಂಬರ್ 9ರ ರಾತ್ರಿ ಅದರ ಜೊತೆ 18 ಅಧಿಕಾರಿಗಳೂ 176 ನಾವಿಕರೂ ಕಡಲು ಸೇರಿದರು. ಅವರಲ್ಲೊಬ್ಬರು ಹಡಗಿನ ಕಪ್ತಾನ ಮಹೇಂದ್ರನಾಥ ಮುಲ್ಲಾ.

ಮುಲ್ಲಾ ಹುಟ್ಟಿದ್ದು 1926ರಲ್ಲಿ, ಉತ್ತರ ಪ್ರದೇಶದ ಗೋರಖಪುರದಲ್ಲಿ. 1946ರಲ್ಲಿ ನೌಕಾಪಡೆಗೆ ಕೆಡೆಟ್ ಆಗಿ ಸೇರಿ, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು, 1948ರ ಮೇ ತಿಂಗಳಲ್ಲಿ ಅಧಿಕಾರಿಯಾದರು. ಲಂಡನ್ನಿನ ಭಾರತೀಯ ಹೈಕಮಿಷನ್‌ನಲ್ಲಿದ್ದರು, ಐಎನ್‌ಎಸ್ ಕೃಷ್ಣಾದ ಕಪ್ತಾನರಾಗಿದ್ದರು. 1971ರ ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿಗೆ ಖುಕ್ರಿಯ ಜೊತೆಗೆ 14ನೇ ಫ್ರಿಗೇಟ್ ದಳದ ಹೊಣೆಯೂ ಅವರದಾಗಿತ್ತು.

ದಿಯುವಿನ ಕಡೆ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಸುಳಿದಾಡುತ್ತಿರುವ ಸುಳಿವು ಸಿಕ್ಕಿತು. ಅದನ್ನು ಹುಡುಕಿ ಹೊಡೆಯಲು ಖುಕ್ರಿ ಮತ್ತು ಅದೇ ದಳದ ಕಿರ್ಪಾಣ್ ಮುಂಬಯಿಯಿಂದ ಹೊರಟವು. ದಳದ ಮೂರನೆಯ ಹಡಗು ಕುಠಾರ್ ಸ್ಫೋಟದಿಂದ ಕೆಟ್ಟು ಬಂದರು ಸೇರಿತ್ತು.

ನೀರಿನೊಳಗೆ ಶತ್ರುವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಹುಡುಕಬೇಕು. ಬೆಟ್ಟದೆದುರು ಕೂಗಿ ಮಾರ್ದನಿಗೆ ಕಾದಂತೆ, ಸೋನಾರ್ ಯಂತ್ರ ಶಬ್ದ ಕಳಿಸಿ ತಿರುಗಿ ಬರುವುದನ್ನು ಆಲಿಸುತ್ತದೆ. ಹಡಗು ಜೋರಾಗಿ ಓಡಿದರೆ ತನ್ನದೇ ಎಂಜಿನ್ನಿನ ಗದ್ದಲದಲ್ಲಿ ಏನೂ ಕೇಳಿಸದು. ನಿಧಾನವಾಗಿ ಸಾಗಿದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಟಾರ್ಪಿಡೊಗೆ ಸುಲಭದ ಗುರಿಯಾಗುತ್ತದೆ. ಅಂದು ಖುಕ್ರಿಯಲ್ಲಿ ಸೋನಾರಿನ ವ್ಯಾಪ್ತಿ ಹೆಚ್ಚಿಸುವ ಹೊಸ ಉಪಕರಣದ ಪ್ರಯೋಗವೂ ನಡೆದಿತ್ತು; ವೇಗ ತಗ್ಗಿಸಲಾಗಿತ್ತು. ಎದುರಿಗಿದ್ದದ್ದು ಫ್ರಾನ್ಸಿನಲ್ಲಿ ಕಟ್ಟಿದ ಹೊಸ ಜಲಾಂತರ್ಗಾಮಿ ಹಂಗೋರ್. ಅದರ ಕಿವಿ ನಮ್ಮ 1950ರ ದಶಕದ ಹಡಗುಗಳಿಗಿಂತ ಬಹುದೂರದ ಸದ್ದನ್ನು ಹಿಡಿಯುತ್ತಿತ್ತು. ಬೇಟೆಗೆ ಹೋದವರನ್ನು ಬೇಟೆಯೇ ಮೊದಲು ಕಂಡಿತ್ತು. ಹಳೆಯ ಸಲಕರಣೆ ಕೊಟ್ಟು ಅಂಥ ಶತ್ರುವಿನೆದುರು ಕಳಿಸಿದ್ದು ಆ ಯುದ್ಧದ ಗೆಲುವಿನ ಸಂಭ್ರಮದಲ್ಲಿ ಮರೆತುಹೋಗಬಾರದ ಸಂಗತಿ.

ರಾತ್ರಿ 9ರ ಸುಮಾರಿಗೆ ಕಿರ್ಪಾಣ್ ಕಡೆ ಬಂದ ಮೊದಲ ಟಾರ್ಪಿಡೊ ಸಿಡಿಯಲಿಲ್ಲ. ಎರಡನೆಯದು ಖುಕ್ರಿಯ ಒಡಲನ್ನೇ ಸೀಳಿತು. ದೀಪಗಳು ಆರಿದವು, ಹಡಗು ವಾಲತೊಡಗಿತು. ಉಳಿದಿದ್ದದ್ದು ಕೆಲವೇ ನಿಮಿಷ. ಮುಲ್ಲಾ ಹಡಗು ಬಿಡಲು ಆಜ್ಞೆ ಕೊಟ್ಟರು. ಹಿಂಜರಿಯುತ್ತಿದ್ದವರನ್ನು ನೀರಿಗೆ ದೂಡಿದರು. ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಸಾಧ್ಯವಾದಷ್ಟು ಜನರನ್ನು ಕಳಿಸಿದ ಮೇಲೆ, ಇನ್ನು ಯಾರನ್ನಾದರೂ ಉಳಿಸಬಹುದೇ ಎಂದು ನೋಡಲು, ಹಡಗನ್ನು ನಡೆಸುವ ತಾಣವಾದ ಬ್ರಿಜ್‌ಗೆ ಮರಳಿದರು. ಬದುಕುಳಿದವರು ಅವರನ್ನು ಕಡೆಯದಾಗಿ ಕಂಡದ್ದು ಅಲ್ಲೇ.

ಕಪ್ತಾನ ಹಡಗಿನ ಜೊತೆ ಮುಳುಗಬೇಕೆಂಬ ನಿಯಮ ಭಾರತೀಯ ನೌಕಾಪಡೆಯಲ್ಲಿಲ್ಲ. ಮುಲ್ಲಾ ಸಾವನ್ನು ಅರಸಿ ಹೋದವರೂ ಅಲ್ಲ. ಹಡಗಿನ ಕೆಳಗಿನ ಅಂತಸ್ತುಗಳಲ್ಲಿ ಇನ್ನೂ ತಮ್ಮವರು ಸಿಕ್ಕಿಕೊಂಡಿರುವಾಗ ಕಪ್ತಾನನ ಕೆಲಸ ಮುಗಿದಿಲ್ಲ ಎಂದು ಅವರು ಎಣಿಸಿದರು, ಅಷ್ಟೇ. ಆ ರಾತ್ರಿಯ ಬಗ್ಗೆ ಹುಟ್ಟಿಕೊಂಡ ಎಷ್ಟೋ ರೋಚಕ ಕಥೆಗಳಿಗಿಂತ ಇದು ದೊಡ್ಡದು ಎಂದು ನನ್ನ ನಂಬಿಕೆ.

ಮರುದಿನ ಐಎನ್‌ಎಸ್ ಕಚ್ಚಲ್ 67 ಮಂದಿಯನ್ನು ನೀರಿನಿಂದ ಎತ್ತಿತು. ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ಒಂದೇ ಒಂದು ಯುದ್ಧನೌಕೆ ಖುಕ್ರಿ. 1989ರಲ್ಲಿ ಅದೇ ಹೆಸರಿನ ಹೊಸ ಕಾರ್ವೆಟ್ ಸೇವೆಗೆ ಬಂತು. 2021ರ ಡಿಸೆಂಬರಿನಲ್ಲಿ ನಿವೃತ್ತಿಯಾದ ಮೇಲೆ ಅದನ್ನೂ ದಿಯುವಿಗೇ ಒಪ್ಪಿಸಲಾಯಿತು.

ದ್ವಾರಕೆ, ಸೋಮನಾಥಕ್ಕೆಂದು ನಮ್ಮ ಕಡೆಯಿಂದ ವರ್ಷವೂ ಎಷ್ಟೋ ಜನ ಹೋಗುತ್ತಾರೆ. ಸೋಮನಾಥದಿಂದ ದಿಯು ದೂರವೇನಲ್ಲ. ಈ ಸಲ ಹೋದಾಗ ಅರ್ಧ ದಿನ ಮಿಗಿಸಿಕೊಂಡು, ಮಕ್ಕಳನ್ನೂ ಕರೆದುಕೊಂಡು ಆ ದಿಬ್ಬಕ್ಕೆ ಹೋಗಿ ಬನ್ನಿ.