ಮೀನಿಗೂ ಉಂಟು ಉಪ್ಪಿನ ಚಿಂತೆ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಊರಿಗಾಂ ನಿಲ್ದಾಣದಲ್ಲಿಳಿದರೆ, ಗಣಿಯಿಂದ ಹೊರಬಿದ್ದ ಮಣ್ಣಿನ ಬೂದು ದಿಬ್ಬಗಳು ಕಣ್ಣಿಗೆ ಬೀಳುತ್ತವೆ. ಈ ನೆಲದಲ್ಲಿ ಚಿನ್ನಕ್ಕಿಂತಲೂ ನೀರೇ ದುರ್ಲಭ. ಗಣಿಗಳಿಗೂ ಅವುಗಳ ಸುತ್ತ ಬೆಳೆದ ಊರುಗಳಿಗೂ ನೀರನ್ನಿತ್ತದ್ದು ಪಾಲಾರ್ ನದಿಯ ಬೇತಮಂಗಲದ ಕೆರೆ. ಆ ನೀರನ್ನು ಕುಡಿದು ಬದುಕಿದವರು ಮನುಷ್ಯರು. ಅಂಥ ಸಿಹಿನೀರಿನಲ್ಲೇ ಹುಟ್ಟಿ ಬೆಳೆದೂ ಅದನ್ನು ಹೆಚ್ಚು ಕಡಿಮೆ ಕುಡಿಯದೇ ಇರುವವು ಮೀನುಗಳು!

ಮೀನು ನಮ್ಮ ಮನೆಗಳ ಅಡುಗೆಯ ವಿಷಯವಲ್ಲ, ನಿಜ. ಆದರೂ ಗಾಜಿನ ತೊಟ್ಟಿಯಲ್ಲಿ ಈಜುವ ಚಿನ್ನದ ಬಣ್ಣದ ಮೀನನ್ನು ತೋರಿಸಿ, "ಇದಕ್ಕೆ ಬಾಯಾರುವುದಿಲ್ಲವೆ?" ಎಂದು ಮಗು ಕೇಳಿದರೆ ಉತ್ತರ ಹೇಳಬೇಕಾದವರು ನಾವೇ.

ಮೀನಿನ ರಕ್ತದಲ್ಲಿ ಉಪ್ಪಿದೆ. ಕೆರೆಯ ನೀರಿನಲ್ಲಿ ಅದು ಅತ್ಯಲ್ಪ. ತೆಳುಪೊರೆಯೊಂದು ನಡುವೆ ಇದ್ದಾಗ ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುವುದು ನಿಸರ್ಗನಿಯಮ. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವುದೂ, ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುವುದೂ ಈ ಬಗೆಯ ಹರಿವಿನಿಂದಲೇ. ಹೀಗೆ ಕಿವಿರುಗಳ ಮೂಲಕ ನೀರು ಹಗಲಿರುಳೂ ಮೀನಿನ ಒಳಹೊಗುತ್ತದೆ. ಅದನ್ನು ಹೊರಹಾಕದಿದ್ದರೆ ಮೀನು ಉಬ್ಬಿ ಸತ್ತೀತು. ಆದುದರಿಂದ ಅದರ ಮೂತ್ರಪಿಂಡಗಳು ಬಿಡುವಿಲ್ಲದೆ ದುಡಿಯುತ್ತವೆ. ದಿನವೊಂದಕ್ಕೆ ದೇಹತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು, ಕೆಲವು ಮೀನುಗಳಲ್ಲಿ ಅದಕ್ಕೂ ಮಿಗಿಲಾಗಿ, ತೆಳುವಾದ ಮೂತ್ರ ಹೊರಹೋಗುತ್ತದೆ. ಅದರೊಡನೆ ಅಷ್ಟಿಷ್ಟು ಉಪ್ಪೂ ಸೋರುತ್ತದೆ. ಈ ನಷ್ಟವನ್ನು ತುಂಬುವುದು ಆಹಾರ. ಜೊತೆಗೆ ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು. ಅವು ಶಕ್ತಿಯನ್ನು ವ್ಯಯಿಸಿ ಕೆರೆಯ ನೀರಿನಿಂದ ಉಪ್ಪಿನ ಕಣಗಳನ್ನು ಹೆಕ್ಕಿ ಒಳಗೆಳೆಯುತ್ತವೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1930ರ ದಶಕದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು.

ಕಡಲ ಮೀನಿನ ಪಾಡು ಇದಕ್ಕೆ ತದ್ವಿರುದ್ಧ. ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವ ನೀರಿನ ನಡುವೆ ಅದರ ದೇಹದ ನೀರೇ ಹೊರಸೋರುತ್ತದೆ. ಆದ್ದರಿಂದ ಅದು ಕಡಲನ್ನೇ ಕುಡಿಯುತ್ತದೆ. ಹೆಚ್ಚಿದ ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ. ಮೂತ್ರವನ್ನು ಜಿಪುಣನಂತೆ ಬಿಡುತ್ತದೆ.

ಮೀನುಮರಿಗಳನ್ನು ದೂರಕ್ಕೆ ಸಾಗಿಸುವಾಗ ನೀರಿಗೆ ಅಳತೆಯ ಉಪ್ಪು ಬೆರೆಸುವ ರೂಢಿಯುಂಟು. ಬೆದರಿದ ಮೀನಿನ ಉಪ್ಪು ಬೇಗ ಸೋರುವುದರಿಂದ, ಒಳಗು ಹೊರಗುಗಳ ಅಂತರ ಕಡಿಮೆಯಾದಷ್ಟೂ ಅದಕ್ಕೆ ಆಯಾಸ ತಗ್ಗುತ್ತದೆ.

ಇನ್ನು ಗಣಿಯ ಮನುಷ್ಯನ ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿಯ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ತಂಪುಗಾಳಿಯನ್ನು ಕೆಳಗಿಳಿಸಿದರೂ ಬೆವರು ನಿಲ್ಲುವಂತಿರಲಿಲ್ಲ. ಬೆವರೆಂದರೆ ಬರಿಯ ನೀರಲ್ಲ, ಉಪ್ಪೂ ಹೌದು. ಬಾಯಾರಿದವನು ಬರಿಯ ನೀರನ್ನೇ ಹೊಟ್ಟೆತುಂಬ ಕುಡಿದರೆ ರಕ್ತದ ಉಪ್ಪು ತೆಳುವಾಗುತ್ತದೆ. ಕೈಕಾಲುಗಳ, ಹೊಟ್ಟೆಯ ಸ್ನಾಯುಗಳು ಹಿಡಿದುಕೊಂಡು ನೋಯುತ್ತವೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಾರರಲ್ಲಿ ಇದನ್ನು ಅಭ್ಯಸಿಸಿದ ಕೆ. ನೆವಿಲ್ ಮಾಸ್, ನೀರಿಗೆ ಉಪ್ಪು ಬೆರೆಸಿ ಕುಡಿದರೆ ಸೆಳೆತ ತಗ್ಗುವುದನ್ನು ಕಂಡರು. ನೀರಿನಿಂದ ಉಪ್ಪನ್ನು ಹೆಕ್ಕುವ ಕಿವಿರು ಮನುಷ್ಯನಿಗಿಲ್ಲ. ಅವನ ಉಪ್ಪು ಬಾಯಿಯಿಂದಲೇ ಬರಬೇಕು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಬಿಸಿಲಿನಲ್ಲಿ ಕಲ್ಲು ಒಡೆಯುವವರೂ ಹೊಲ ಗೇಯುವವರೂ ಇದ್ದೇ ಇದ್ದಾರೆ. ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಅವರಿಗೆ ಕೊಡುತ್ತ ಬಂದ ಹಿರಿಯರು ಈ ಶಾಸ್ತ್ರವನ್ನು ಓದಿದವರಲ್ಲ.

ಮನೆಯ ಮಕ್ಕಳ ಮಟ್ಟಿಗೆ ಈ ಅರಿವು ಪ್ರಾಣದ ಪ್ರಶ್ನೆ. ವಾಂತಿಭೇದಿಯಲ್ಲಿ ನೀರೂ ಉಪ್ಪೂ ಒಟ್ಟಿಗೆ ಹೋಗುತ್ತವೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸು ಉಪ್ಪನ್ನು ಜೊತೆಗೆ ಕರೆದೊಯ್ಯುತ್ತದೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಈ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಔಷಧದ ಅಂಗಡಿಯ ಪೊಟ್ಟಣವೇ ಉತ್ತಮ. ಅದು ದೊರೆಯದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಹಾಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕುಡಿಸುವ ಮೊದಲು ತಾಯಿ ತಾನೊಮ್ಮೆ ರುಚಿ ನೋಡಲಿ. ಅದು ಕಣ್ಣೀರಿಗಿಂತ ಉಪ್ಪಾಗಿರಬಾರದು.