ಮರಳದ ಡಬ್ಬಿ

ಬೆಳಗಿನ ಹೊತ್ತು ಸವದತ್ತಿಯಿಂದ ಧಾರವಾಡಕ್ಕೆ ಹೊರಡುವ ಬಸ್ಸನ್ನು ಕಂಡವರಿಗೆ ಬುತ್ತಿಯ ಪರಿಚಯ ಇದ್ದೇ ಇರುತ್ತದೆ. ಬಟ್ಟೆಯಲ್ಲಿ ಬಿಗಿದ ಡಬ್ಬಿ. ಒಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಪಲ್ಯ. ಮೇಲೆ ಓದುವ ಹುಡುಗನ ಹೆಸರು. ನಿಲ್ದಾಣದಲ್ಲಿ ಹುಡುಗರು ತಮ್ಮ ತಮ್ಮದನ್ನು ಒಯ್ದು, ನಿನ್ನೆಯ ಬರಿದಾದ ಡಬ್ಬಿಯನ್ನು ಬಸ್ಸಿಗೆ ಏರಿಸುತ್ತಾರೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಮನೆಗಳಿಗೂ ಈ ಪದ್ಧತಿ ಹೊಸತಲ್ಲ. ಖಾನಾವಳಿಯ ಹಣ ಉಳಿಯಲೆಂದು ಹುಟ್ಟಿದ ಏರ್ಪಾಡು ಇದಾದರೂ, ಬರಿದಾಗಿ ಮರಳಿದ ಡಬ್ಬಿಯು ತಾಯಿಯ ಪಾಲಿಗೆ ಮಗನ ಕ್ಷೇಮಸಮಾಚಾರವೇ ಸರಿ.

ಎರಡು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ಡಬ್ಬಿಗಳು ಮೂರು ದಿನ ನಿಲ್ದಾಣದಲ್ಲಿಯೇ ಉಳಿದವು. ಅವನ ಗೆಳೆಯನು ಬಂದು ತಿಳಿಸಿದಾಗಲೇ, ಆತನು ಹದಿನೈದು ದಿನಗಳಿಂದ ತರಗತಿಗೆ ಬಂದಿಲ್ಲವೆಂಬುದು ನನ್ನ ನೆನಪಿಗೆ ಬಂದದ್ದು. ಹಾಜರಿಪುಸ್ತಕದಲ್ಲಿ ಗೈರುಹಾಜರಿ ಗುರುತಿಸುತ್ತಲೇ ಇದ್ದೆ, ಏಕೆಂದು ಕೇಳಿರಲಿಲ್ಲ. ಕೋಣೆಗೆ ಹೋದರೆ ಹುಡುಗ ಗೋಡೆಯತ್ತ ಮುಖ ಮಾಡಿ ಮಲಗಿದ್ದ. “ಅವ್ವ ರೊಟ್ಟಿ ಕಳಸ್ತಾಳ್ರಿ ಸರ್, ನಾ ಎರಡು ವಿಷಯದಾಗ ಫೇಲಾಗೇನ್ರಿ. ಹ್ಯಾಂಗ ತಿನ್ನಲಿ?” ಎಂದ. ಛಂದಸ್ಸು ಕಲಿಸುವ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಧಾರವಾಡದಲ್ಲಿಯೇ ಇರುವ ಡಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದೆವು. ಊರಿನಿಂದ ಓಡಿಬಂದ ತಾಯಿ ಕೇಳಿದ್ದು ಒಂದೇ ಮಾತು: “ಊರಾಗ ಯಾರಿಗೂ ಹೇಳಬ್ಯಾಡ್ರಿ ಸರ್ರ.”

ಹಸಿವು ವಿದ್ಯೆಯ ವೈರಿಯೆಂಬುದನ್ನು ಈ ನಾಡು ಬಹು ಹಿಂದೆಯೇ ಅರಿತಿತ್ತು. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದವರು ಅಸಂಖ್ಯರು. 2010ರಲ್ಲಿ ಕಿತ್ತೂರು ಚನ್ನಮ್ಮನ ಹೆಸರಿನಲ್ಲಿ ಬೆಳಗಾವಿಗೇ ವಿಶ್ವವಿದ್ಯಾಲಯ ಬಂದಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಊಟ, ದಾರಿ ಎರಡಕ್ಕೂ ದಾನಿಗಳೂ ಸರಕಾರವೂ ಒದಗಿದರು. ಮನಸ್ಸಿನ ಸಂಗತಿ ಮಾತ್ರ ಮನೆಯೊಳಗಿನ ಗುಟ್ಟಾಗಿಯೇ ಉಳಿಯಿತು.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣಸಂಸ್ಥೆಯಲ್ಲಿಯೂ ಅರ್ಹ ಆಪ್ತಸಮಾಲೋಚಕರೊಬ್ಬರು ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ವಿಧಿಸಿದೆ. ಒಳ್ಳೆಯದೇ. ಆದರೆ ಹುಡುಗ ಬಂದಿಲ್ಲವೆಂದು ಮೊದಲು ಗಮನಿಸಬೇಕಾದವನು ತರಗತಿಯ ಉಪನ್ಯಾಸಕ. ಅವನ ಕ್ಷೇಮವನ್ನು ವಿಚಾರಿಸುವವರು ಯಾರು? ನಾನೂ ಕೆಲವು ವರ್ಷ ಅತಿಥಿ ಉಪನ್ಯಾಸಕನಾಗಿ ಎರಡು ಊರುಗಳ ನಡುವೆ ಬಸ್ಸು ಕಾದವನು. ಅತಿಥಿಯೆಂದು ಕರೆದು ಇಷ್ಟು ಕಾಯಿಸುವ ಮನೆ ಇನ್ನೊಂದಿರಲಾರದು! 2022ರ ಜನವರಿಯಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿಗಳ ಮಾಸಿಕ ಗೌರವಧನ 11–13 ಸಾವಿರದಿಂದ 26–32 ಸಾವಿರ ರೂಪಾಯಿಗೆ ಏರಿತು. ಜೊತೆಗೆ ಪಾಠದ ಅವಧಿಯೂ ವಾರಕ್ಕೆ 15 ಗಂಟೆಯಾದದ್ದರಿಂದ ಅನೇಕರಿಗೆ ಕೆಲಸವೇ ಇಲ್ಲವಾಯಿತು. ಮುಂದಿನ ವರ್ಷ ತಾನಿರುವೆನೋ ಇಲ್ಲವೋ ಎಂಬ ಚಿಂತೆಯಲ್ಲಿರುವವನು ಎದುರಿನ ಅರವತ್ತು ಮುಖಗಳಲ್ಲಿ ಬಾಡಿದ ಒಂದನ್ನು ಹೇಗೆ ಗುರುತಿಸಿಯಾನು?

ಈಗ ನನ್ನ ಹಾಜರಿಪುಸ್ತಕದ ಒಳರಟ್ಟಿನ ಮೇಲೆ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದಿದೆ. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಮೂರು ದಿನ ಬಾರದವರ ಹೆಸರನ್ನು ತರಗತಿಯ ನಂತರ ಅವರ ಗೆಳೆಯರಲ್ಲಿ ವಿಚಾರಿಸುತ್ತೇನೆ.

ಹುಡುಗ ಆ ಎರಡೂ ವಿಷಯಗಳನ್ನು ಮರುವರ್ಷ ಮುಗಿಸಿದ. ಅಂದಿನಿಂದ ಅವನ ಬುತ್ತಿಯೊಡನೆ ಆಗಾಗ ನನ್ನ ಹೆಸರಿನದೂ ಒಂದು ಬರುತ್ತದೆ. ಕಳೆದ ವಾರದ ಡಬ್ಬಿ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ನಾಳೆಯ ಬಸ್ಸಿಗಾದರೂ ಕಳುಹಿಸಬೇಕು, ಆಕೆ ಗಾಬರಿಯಾದಾಳು.