ಹಿರಿತನ ಹಂಚಿದಷ್ಟೂ ಹಿರಿದು

ಮಂಗಳೂರಿನ ಕುಲಶೇಖರದಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟದ ಡೈರಿಯಿದೆ. ಅದರ ಬೇರು ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿದೆ. ಒಂದು ಹಸುವಿನವನಿಗೂ ಹತ್ತು ಹಸುವಿನವನಿಗೂ ಅಲ್ಲಿ ಒಂದೇ ಮತ. ಆಡಳಿತ ಮಂಡಳಿಯ ಅವಧಿ 5 ವರ್ಷ. ಅಧ್ಯಕ್ಷರು ಬದಲಾದರೂ ಬೆಳಗಿನ ಹಾಲು ನಿಲ್ಲುವುದಿಲ್ಲ.

ಈ ನೀತಿ ನಮಗೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಭಂಡಾರದ ಹೊಣೆ ಬಸವಣ್ಣನವರದು. ಆದರೆ ಅನುಭವ ಮಂಟಪದ ಶೂನ್ಯ ಸಿಂಹಾಸನವೇರಿದವರು ಅಲ್ಲಮಪ್ರಭುದೇವರು ಎನ್ನುತ್ತದೆ ಪರಂಪರೆ. ಹೆಚ್ಚಿನ ಅಕ್ಕಿ ತಂದ ಪತಿ ಮಾರಯ್ಯನವರನ್ನು ತಿದ್ದಿದವರು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣ ಕದಡಿದಾಗ ಬಸವಣ್ಣನವರು ಜೊತೆಗಿರಲಿಲ್ಲ; ಚನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ಉಳವಿಯತ್ತ ನಡೆದರು. ಒಬ್ಬರನ್ನೇ ನೆಚ್ಚಿದ್ದರೆ ವಚನದ ಕಟ್ಟುಗಳು ಉಳಿಯುತ್ತಿದ್ದವೇ?

‘ಎಲ್ಲರೂ ಯಜಮಾನರಾದರೆ ಕೆಲಸ ಕೆಡದೇ?’ ಎಂದು ಹಿರಿಯರು ಕೇಳಬಹುದು. ಮಾತು ನಿಜವೇ. ಆದ್ದರಿಂದ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು ಹೊಣೆಗಾರರಿರಲಿ. ಲೆಕ್ಕ ಮಾತ್ರ ಎಲ್ಲರ ಕಣ್ಣಿಗೆ ಬೀಳಲಿ.

ಭಕ್ತ ಬಾಂಧವರೇ, ನಿಮ್ಮೂರ ಜಾತ್ರೆಯ ಲೆಕ್ಕ, ದಾಸೋಹದ ಉಗ್ರಾಣದ ಬೀಗದ ಕೈ ಒಬ್ಬರ ಮಡಿಲಲ್ಲೇ ಇದೆಯೇ? ಅವರು ಹಾಸಿಗೆ ಹಿಡಿದ ದಿನ ಊರೇ ಕೈಕಟ್ಟಿ ನಿಲ್ಲಬೇಕಾದೀತು. ಹಿರಿಯರು ಇರುವಾಗಲೇ ಕಿರಿಯರಿಗೆ ಹೊಣೆ ಒಪ್ಪಿಸಿ ಪಕ್ಕದಲ್ಲಿ ಕುಳಿತು ನೋಡಲಿ. ಅದೇ ನಿಜವಾದ ಹಿರಿತನ.